ಹತ್ತನೆಯ ಪ್ರಯತ್ನ

ಫೆಬ್ರವರಿ 9

(ಗೆರೆಯ ಮೇಲಿನ ಭಾಗವನ್ನು ನೆರೆದವರ ಮುಂದೆ ಗಟ್ಟಿಯಾಗಿ ಓದತಕ್ಕದ್ದು)

ನನ್ನ ಮಗಳ ನೆನಪಿಗಾಗಿ ಅವಳ ಗಂಡನ ಮನೆಯಲ್ಲಿ ಸೇರಿರುವ ಎಲ್ಲರಿಗೂ ನನ್ನ ಕೃತಜ್ಞತೆಗಳು. ಕೆಲಸ ಬಿಟ್ಟು ಬಂದವರಿಗೆ, ದೂರದಿಂದ ಬಂದವರಿಗೆ, ಅವಳ ಕೈಯಲ್ಲಿ ಕಣ್ಣು ತೋರಿಸಿಕೊಂಡು ಕನ್ನಡಕ ಬರೆಸಿಕೊಂಡವರಲ್ಲಿ ಯಾರಾದರೂ ಬಂದಿದ್ದರೆ ಅವರಿಗೆ ಎಲ್ಲರಿಗಿಂತ ಮೊದಲು, ನಾನು ಋಣಿ.

ಆದರೆ ನಿಮ್ಮ ಸಹಾನುಭೂತಿಯನ್ನು ನಾನು ಸ್ವೀಕರಿಸಲಾರೆ. ಮೂರು ವಾರಗಳಿಂದ ಅದನ್ನು ಕೇಳುತ್ತಿದ್ದೇನೆ. "ದೇವರಿಗೆ ಒಳ್ಳೆಯವರೇ ಬೇಕು" ಎಂದರು ಒಬ್ಬರು. ಹಾಗಾದರೆ ಇಲ್ಲಿ ಉಳಿದಿರುವ ನಾವು ಎಂಥವರು ಎಂದು ಕೇಳಿದೆ, ಎದ್ದು ಹೋದರು. "ಕಾಲವೇ ಮದ್ದು" ಎಂದರು ಇನ್ನೊಬ್ಬರು; ಯಾವ ಕಾಯಿಲೆಗೆ ಎಂದು ಕೇಳಿದೆ, ಅವರೂ ಎದ್ದು ಹೋದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದವನು ನಾನು. ಮುದ್ರೆಯಿಲ್ಲದ ಬಟ್ಟನ್ನು ತಕ್ಕಡಿಗೆ ಹಾಕಲು ಯಾರಿಗೂ ಬಿಟ್ಟವನಲ್ಲ. ನಿಮ್ಮ ಮಾತುಗಳಿಗೂ ತೂಕವಿಲ್ಲ. ಮೂವತ್ತೆರಡು ವರ್ಷದ ನನ್ನ ಮಗಳು ನನ್ನ ಮನೆಯ ಹೊಸ್ತಿಲಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ, ತಲೆಯೊಳಗಿನ ರಕ್ತನಾಳ ಒಡೆದು ಬಿದ್ದಳು. ಇದು ಸಂಗತಿ. ಇದರ ಮೇಲೆ ಸಕ್ಕರೆ ಉದುರಿಸಬೇಡಿ. ನಮಸ್ಕಾರ.

—

ಅಳಿಯಂದಿರೇ, ಇನ್ನು ನಿಮಗೆ ಮಾತ್ರ.

ಅವಳ ಫೋನ್ ನನ್ನ ಬಳಿ ಇದೆ. ಆಸ್ಪತ್ರೆಯವರು ಬಟ್ಟೆಯ ಜೊತೆ ಕೊಟ್ಟರು. ಮುಖ ನೋಡಿ ತೆರೆದುಕೊಳ್ಳುವ ಫೋನು. ಆ ಮುಖ ಈಗಿಲ್ಲ. ಆರು ಅಂಕಿಯ ಪಾಸ್‌ಕೋಡ್ ಕೇಳುತ್ತದೆ. ಅದು ನಿಮಗೆ ಗೊತ್ತಿರಬೇಕು. ಅಂಚೆಯಲ್ಲಿ ಕಳುಹಿಸಿ. ಫೋನ್ ಮಾಡಬೇಡಿ. ಬಾಯಿಂದ ಹೊರಟದ್ದನ್ನು ನಾಳೆ ಇಲ್ಲವೆನ್ನಬಹುದು, ಬರೆದದ್ದನ್ನು ಅನ್ನಲಾಗದು.

ನಿಮ್ಮ ಮಾವ

ಫೆಬ್ರವರಿ 17

ಮಾವನವರಿಗೆ ನಮಸ್ಕಾರ.

ಓದಿದೆ. ಗೆರೆಯ ಮೇಲಿನದು ಪೂರ್ತಿ, ಒಂದಕ್ಷರ ಬಿಡದೆ. ಆಮೇಲೆ ನಿಮ್ಮ ತಂಗಿ ಬಾಯಿ ಬಿಟ್ಟರು: "ನಮ್ಮಣ್ಣ ಸತ್ತ ಮನೇಲೂ ಭಾಷಣ ಸ್ಪರ್ಧೆ ಇಡ್ತಾನೆ ಕಣಪ್ಪ. ಬಹುಮಾನಾನೂ ಅವನೇ ತಗೊಳ್ತಾನೆ." ನಾಲ್ಕು ಜನ ನಕ್ಕರು. ಆ ದಿನ ಅಷ್ಟು ನಗು ಸಿಕ್ಕಿದ್ದಕ್ಕೆ ನಿಮಗೆ ಥ್ಯಾಂಕ್ಸ್.

ಪಾಸ್‌ಕೋಡ್ ಕಳಿಸೋದಿಲ್ಲ. ಫೋನ್ ಕಳಿಸಿ. ಅದು ನನ್ನ ಹೆಂಡತಿ ಫೋನು.

ನೀವು ಕೇಳೋ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಹೇಗೂ ವಾದ ಮಾಡ್ತೀರಿ. ಐಫೋನಿನಲ್ಲಿ, ನಾವು ಹೋದ ಮೇಲೆ ನಮ್ಮ ಅಕೌಂಟ್ ಯಾರು ತೆಗೀಬಹುದು ಅಂತ ಮೊದಲೇ ಒಬ್ಬರನ್ನ ಸೇರಿಸಿಡಬಹುದು. ಅವಳು ನನ್ನನ್ನ ಸೇರಿಸಿದ್ಳು. ಅದರ ಕೀ ನನ್ನ ಹತ್ತಿರ ಇದೆ, ಮರಣ ಪತ್ರದ ಜೊತೆ ಕೊಟ್ಟರೆ ಸಾಕು. ಕೊಟ್ಟೆ, ಸಿಕ್ತು. ಆದರೆ ಪುಕ್ಕಟೆ ಜಾಗ ತುಂಬಿಹೋಗಿ ಅವಳ ಬ್ಯಾಕಪ್ ಕಳೆದ ವರ್ಷ ಏಪ್ರಿಲ್‌ನಲ್ಲೇ ನಿಂತುಹೋಗಿತ್ತು. "ಸ್ಟೋರೇಜ್ ಫುಲ್" ಅಂತ ದಿನಾ ಬರ್ತಿತ್ತು, ದಿನಾ ಬೆರಳಲ್ಲಿ ತಳ್ಳಿಬಿಡ್ತಿದ್ಳು. ಹಾಗಾಗಿ ಕೊನೇ ಹತ್ತು ತಿಂಗಳು ನಿಮ್ಮ ಮೇಜಿನ ಮೇಲಿರೋ ಆ ಫೋನಿನ ಒಳಗೆ ಮಾತ್ರ ಇದೆ. ಬೇರೆಲ್ಲೂ ಇಲ್ಲ.

ಚಾರ್ಜ್ ಮಾಡಿಡಿ. ನಿಮ್ಮ ಚಾರ್ಜರ್ ಅದಕ್ಕೆ ಆಗೋದಿಲ್ಲ, ಅವಳ ಬ್ಯಾಗಿನ ಒಳಜೇಬಲ್ಲಿ ಅವಳದ್ದಿದೆ. ಮತ್ತೆ ದಯವಿಟ್ಟು ಅದನ್ನ ಮುಟ್ಟೋಕೆ ಹೋಗಬೇಡಿ. ಲಾಕ್ ಮಾಡಿದ ಪರದೆ ಮೇಲೂ ರಮ್ಮಿ ಆಟದ ಜಾಹೀರಾತು ತೋರಿಸೋ ನಿಮ್ಮ ಡಬ್ಬ ಅಲ್ಲ ಅದು.

ಅಳಿಯ

ಫೆಬ್ರವರಿ 24

ಅಳಿಯಂದಿರಿಗೆ,

ನನ್ನ ತಂಗಿಗೆ ಹೇಳಿ: ಬಹುಮಾನಗಳು ಹದಿನಾಲ್ಕು, ಎಲ್ಲವೂ ಕಾಲೇಜಿನವು, ಒಂದನ್ನೂ ನಾನಾಗಿ ತೆಗೆದುಕೊಂಡದ್ದಲ್ಲ, ತೀರ್ಪುಗಾರರು ಕೊಟ್ಟದ್ದು.

ನನ್ನ ಡಬ್ಬದ ಬಗ್ಗೆ ಹೇಳಿದಿರಿ. ಮಾತು ನೀವೇ ಎತ್ತಿದ್ದರಿಂದ ಉತ್ತರ ಕೇಳಿಸಿಕೊಳ್ಳುವ ಹೊಣೆಯೂ ನಿಮ್ಮದೇ. ನನ್ನ ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಫೋಲ್ಡರುಗಳು ಬೀರುವಿನ ಅರೆಗಳಂತೆ ಕಾಣುತ್ತವೆ. ಬೇಕಾದ್ದನ್ನು ಬೇಕಾದಲ್ಲಿ ಇಡುತ್ತೇನೆ. ನಿಮ್ಮದರಲ್ಲಿ ನಮ್ಮ ಸಾಮಾನು ಎಲ್ಲಿದೆ ಎಂದು ನಾವು ಕೇಳುವ ಹಾಗಿಲ್ಲ. ಅದು ಕೊಟ್ಟಾಗ ತೆಗೆದುಕೊಳ್ಳಬೇಕು. ನನ್ನದರಲ್ಲಿ ಎಲ್ಲಿಯೇ ದಾರಿ ತಪ್ಪಲಿ, ಕೆಳಗಿನ ಗುಂಡಿಯೊತ್ತಿದರೆ ಒಂದು ಹೆಜ್ಜೆ ಹಿಂದಕ್ಕೆ. ಅವಳದರಲ್ಲಿ ಒಮ್ಮೆ ಅಂಚಿನಿಂದ ಸವರಬೇಕು, ಒಮ್ಮೆ ಮೂಲೆಯ ಬಾಣ ಹುಡುಕಬೇಕು, ಒಮ್ಮೆ ಕೆಳಕ್ಕೆ ಎಳೆಯಬೇಕು. ಜಾಹೀರಾತು ಬರುತ್ತದೆ, ಒಪ್ಪಿದೆ. ಬಾಗಿಲು ತೆರೆದಿಟ್ಟ ಮನೆಗೆ ನೊಣವೂ ಬರುತ್ತದೆ. ಅದಕ್ಕೆಂದು ಕಿಟಕಿಗಳಿಗೆ ಇಟ್ಟಿಗೆ ಕಟ್ಟುವುದಿಲ್ಲ.

ನನ್ನ ಮಗಳು ಮದುವೆಗೆ ಮೊದಲು ಏಳು ವರ್ಷ ನನ್ನಂಥದ್ದೇ ಫೋನ್ ಹಿಡಿದಿದ್ದಳು. ನಿಮ್ಮ ಕೈ ಹಿಡಿದ ಮೂರನೆಯ ತಿಂಗಳಿಗೆ ಬದಲಿಸಿದಳು. ಅಂದಿನಿಂದ ಅವಳು ಕಳುಹಿಸುವ ವಿಡಿಯೊಗಳು ಎಷ್ಟೋ ಸಲ ನನ್ನಲ್ಲಿಗೆ ಬರುವ ಹೊತ್ತಿಗೆ ನೀರಿನಲ್ಲಿ ನೆನೆದಂತಿರುತ್ತಿದ್ದವು. "ಅಪ್ಪ, ನೀವು ಆ ಕಡೆಯವರು, ಅದಕ್ಕೇ ಹಾಗೆ" ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ನಾನು ನಗುತ್ತಿರಲಿಲ್ಲ.

ಇರಲಿ. ಮುಖ್ಯ ವಿಷಯಕ್ಕೆ ಬರುತ್ತೇನೆ, ಮತ್ತು ಇದಕ್ಕೆ ಲಿಖಿತ ಉತ್ತರ ಬೇಕು. ಮೂವತ್ತೆರಡು ವರ್ಷದ, ದುಡಿಯುವ, ನಗುವ ಹೆಣ್ಣುಮಗಳೊಬ್ಬಳು ತಾನು ಸತ್ತ ಮೇಲೆ ತನ್ನ ಅಕೌಂಟ್ ಯಾರಿಗೆ ಎಂದು ಏಕೆ ಯೋಚಿಸುತ್ತಾಳೆ? ಆರೋಗ್ಯವಂತರು ಇಂಥದ್ದನ್ನು ಮಾಡುವುದಿಲ್ಲ. ಎಂದರೆ ಅವಳಿಗೆ ಗೊತ್ತಿತ್ತು. ಎಂದರೆ ನಿಮಗೂ ಗೊತ್ತಿತ್ತು. ನೀವು ಹೇಳಿದ ಒಳಜೇಬಿನಲ್ಲಿ ಚಾರ್ಜರಿನ ಜೊತೆ ಮಡಚಿದ ಒಂದು ಸ್ಕ್ಯಾನಿಂಗ್ ವರದಿ ಸಿಕ್ಕಿತು. ತಾರೀಖು ಜನವರಿ 6. ಅವಳು ನನ್ನ ಮನೆಗೆ ಬಂದದ್ದು ಹದಿನೇಳಕ್ಕೆ. ತಲೆಯಲ್ಲಿ ಉಬ್ಬಿದ ರಕ್ತನಾಳವನ್ನು ಇಟ್ಟುಕೊಂಡ ಹೆಂಡತಿಯನ್ನು ಆರು ಗಂಟೆಯ ಬಸ್ ಪ್ರಯಾಣಕ್ಕೆ ಒಬ್ಬಳನ್ನೇ ಹತ್ತಿಸಿ ಕಳುಹಿಸಿದ ಗಂಡ ಯಾರು? ನೀವು ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವರು. ತಂತಿ ಸವೆದಿದೆ ಎಂದು ತಿಳಿದೂ ಜನರನ್ನು ಹತ್ತಿಸುತ್ತೀರಾ?

ಪಾಸ್‌ಕೋಡನ್ನು ಏಕೆ ಮುಚ್ಚಿಡುತ್ತಿದ್ದೀರಿ ಎಂದು ಈಗ ನನಗೆ ಅರ್ಥವಾಗಿದೆ. ಆ ಫೋನಿನಲ್ಲಿ ನಿಮ್ಮ ವಿರುದ್ಧ ಸಾಕ್ಷಿಯಿದೆ.

ಫೋನು ಸುರಕ್ಷಿತವಾಗಿದೆ. ನಾನು ಅದನ್ನು ಮುಟ್ಟಿಲ್ಲ.

ನಿಮ್ಮ ಮಾವ

ಮಾರ್ಚ್ 4

ಮಾವನವರಿಗೆ,

ನಿಮ್ಮ ಕಾಗದ ಮೂರು ಸಲ ಓದಿದೆ. ಉಳಿದಿದ್ದಕ್ಕೆಲ್ಲ ಆಮೇಲೆ ಬರ್ತೀನಿ. ಮೊದಲು ಒಂದೇ ಪ್ರಶ್ನೆ.

ಅಂಚಿನಿಂದ ಸವರಬೇಕು, ಮೂಲೆ ಬಾಣ ಹುಡುಕಬೇಕು ಅಂತೆಲ್ಲ ಇಷ್ಟು ಚೆನ್ನಾಗಿ ಬರೆದಿದ್ದೀರಲ್ಲ. ಅವಳು ಬದುಕಿದ್ದಾಗ ನೀವು ಆ ಫೋನನ್ನ ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಡ್ತಿದ್ರಿ. "ಮುಟ್ಟಿಲ್ಲ" ಅಂತ ನೀವಾಗೇ ಯಾಕೆ ಬರೆದ್ರಿ? ನಾನು ಕೇಳಿರಲಿಲ್ಲ. ನಿಜ ಹೇಳಿ. ಎಷ್ಟು ಸಲ ಒತ್ತಿದ್ದೀರಿ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಎರಡು ವರ್ಷದ ಹಿಂದೆ ನೀವು ನಮ್ಮನೆಗೆ ಬಂದಿದ್ದಾಗ ಊಟದ ಮೇಜಿನ ಮೇಲೆ ನಡೆದದ್ದು ನಿಮಗೆ ಮರೆತಿರಬಹುದು. ಗೆದ್ದವರಿಗೆ ನೆನಪಿರಲ್ಲ. ಯಾರ ಫೋನಿನ ಬೀಗ ಗಟ್ಟಿ ಅನ್ನೋದು ಅವತ್ತಿನ ವಿಷಯ. ನಿಮ್ಮನೆ ಪದ್ಧತಿ ಪ್ರಕಾರ ನಿಮಗೂ ಅವಳಿಗೂ ಎರಡೆರಡು ನಿಮಿಷ, ವಾಚ್ ನಿಮ್ಮ ಕೈಯಲ್ಲಿ, ತೀರ್ಪೂ ನಿಮ್ಮದೇ. ನನ್ನನ್ನ "ಸಭಿಕರು" ಅಂದ್ರಿ, ಸಭಿಕರು ಮಾತಾಡೋ ಹಾಗಿಲ್ಲ ಅಂದ್ರಿ. ಅವಳು ಏನೋ ಹೇಳೋಕೆ ಹೋದ್ಳು. ನೀವು "ಎಷ್ಟು ಸಲ ತಪ್ಪಿದರೂ ಮತ್ತೆ ಬಾ ಎಂದು ಕರೆಯುವುದು ಬೀಗವಲ್ಲ, ಅದು ಬಾಗಿಲು ಕಾಯುವವನ ಬೇಜವಾಬ್ದಾರಿ" ಅಂದ್ರಿ. ಟೈಮ್ ಆಯ್ತು ಅಂದ್ರಿ.

ಅವಳು ಅಲ್ಲೇ, ಊಟದ ಕೈ ಒರೆಸಿಕೊಂಡು, ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಸ್ವಿಚ್ ಆನ್ ಮಾಡಿ ನಿಮಗೆ ತೋರಿಸಿದ್ಳು. "ತಗೊಳ್ಳಿ ಅಪ್ಪ. ಹತ್ತು ಸಲ ತಪ್ಪಿದ್ರೆ ಎಲ್ಲಾ ಅಳಿಸಿಹೋಗುತ್ತೆ. ಈಗಲಾದ್ರೂ ಪಾಸಾ?" "ನೂರಕ್ಕೆ ಅರವತ್ತು" ಅಂದ್ರಿ ನೀವು.

ಆಮೇಲೆ ಅದನ್ನ ಆಫ್ ಮಾಡೇ ಇಲ್ಲ. ಆಫ್ ಮಾಡು ಅಂತ ನಾನು ಹೇಳಿದೆ. "ಇರಲಿ ಬಿಡು, ಅಪ್ಪ ಮತ್ತೆ ಕೇಳಿದ್ರೆ ತೋರಿಸ್ಬೇಕು" ಅಂದ್ಳು.

ಎಷ್ಟು ಸಲ ಒತ್ತಿದ್ರಿ ಮಾವ? ಇವತ್ತೇ ಬರೀರಿ.

ಮಾರ್ಚ್ 7

ಒಂಬತ್ತು.

ಹೇಗೆಂದು ಕೇಳುವಿರಿ, ಆದ್ದರಿಂದ ನಾನೇ ಹೇಳುತ್ತೇನೆ. ಮೊದಲನೆಯದು ಅವಳ ಹುಟ್ಟಿದ ದಿನ. ಎರಡನೆಯದು ನನ್ನ ಹುಟ್ಟಿದ ದಿನ. ಮೂರನೆಯದು ಅವಳ ತಾಯಿ ತೀರಿಕೊಂಡ ದಿನ. ಆಮೇಲೆ ನನ್ನ ನಿವೃತ್ತಿಯ ದಿನ. ಅವಳ ಕಾಲೇಜಿನ ರೋಲ್ ನಂಬರಿನ ಹಿಂದೆ ಎರಡು ಸೊನ್ನೆ. ನಮ್ಮ ಮನೆಯ ಹಳೆಯ ಫೋನ್ ನಂಬರ್. ಏಳನೆಯದರ ಹೊತ್ತಿಗೆ ಕಾಯಿರಿ ಎನ್ನುತ್ತಿತ್ತು. ಕಾದು, ನಾನು ಮೊದಲ ಚರ್ಚಾ ಸ್ಪರ್ಧೆ ಗೆದ್ದ ದಿನವನ್ನು ಒತ್ತಿದೆ. ಅದನ್ನು ಅವಳಿಗೆ ಚಿಕ್ಕಂದಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಎಂಟನೆಯದು ಒಂದರಿಂದ ಆರು.

ನಿಮ್ಮ ಮದುವೆಯ ದಿನವನ್ನು ಒಂಬತ್ತನೆಯದಾಗಿ ಒತ್ತಿದೆ.

ಆ ಸ್ವಿಚ್ಚಿನ ವಿಷಯ ನನಗೆ ನೆನಪಿರಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ನೆನಪಾಯಿತು. ಅರವತ್ತು ಕೊಟ್ಟದ್ದೂ ನೆನಪಾಯಿತು. ಈಗ ಫೋನು ಆಫ್ ಆಗಿದೆ. ಬೀರುವಿನಲ್ಲಿಟ್ಟು, ಬೀರುವಿನ ಬೀಗದ ಕೈಯನ್ನು ಎದುರುಮನೆಯ ನಿವೃತ್ತ ನರ್ಸಮ್ಮನವರ ಕೈಗೆ ಕೊಟ್ಟಿದ್ದೇನೆ. ಏಕೆಂದು ಅವರು ಕೇಳಿದರು. ನನ್ನ ಮೇಲೆ ನನಗೆ ನಂಬಿಕೆ ಇಲ್ಲವೆಂದೆ. "ಅಬ್ಬಾ, ಇದು ನಿಮ್ಮ ಬಾಯಲ್ಲಿ!" ಎಂದರು.

ಇದರಿಂದ ನಿಮ್ಮ ಮೇಲಿನ ಆರೋಪ ಬಿದ್ದುಹೋಗುವುದಿಲ್ಲ. ನಾನು ಸುಳ್ಳು ಹೇಳಿದೆ. ನೀವು ವರದಿ ಮುಚ್ಚಿಟ್ಟಿರಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಉತ್ತರ ಇನ್ನೂ ಬಂದಿಲ್ಲ.

ಮಾರ್ಚ್ 15

ಮಾವನವರಿಗೆ,

ಕಾಗದ ಓದಿ ಕೆಲಸಕ್ಕೆ ಹೋಗೋಕಾಗಲಿಲ್ಲ. ನಾನು ನೇತಾಡೋದು ಹನ್ನೊಂದನೇ ಮಹಡಿ ಲಿಫ್ಟ್ ಶಾಫ್ಟಿನಲ್ಲಿ. ತಲೆ ಬಿಸಿ ಇದ್ದವರನ್ನ ಒಳಗೆ ಬಿಡಲ್ಲ, ನಾನೇ ರಜ ಹಾಕಿದೆ. ಒಂಬತ್ತು! ನಿಮ್ಮ ನಿವೃತ್ತಿ ದಿನಾನ ಯಾವ ಮಗಳಾದ್ರೂ ಪಾಸ್‌ಕೋಡ್ ಮಾಡ್ಕೊಳ್ತಾಳಾ? ನಮ್ಮ ಮದುವೆ ದಿನ ನಿಮಗೆ ಒಂಬತ್ತನೇದಾಗಿ ಹೊಳೀತು. ನಿವೃತ್ತಿ ಆದ ಮೇಲೆ, ಚರ್ಚೆಯಲ್ಲಿ ಕಪ್ ಗೆದ್ದ ಮೇಲೆ, ಒಂದರಿಂದ ಆರರ ಮೇಲೆ. ಹೊಳೆದದ್ದೇ ದೊಡ್ಡದು ಬಿಡಿ.

ಆರೋಪಕ್ಕೆ ಉತ್ತರ ಬೇಕು ಅಂದ್ರಿ. ತಗೊಳ್ಳಿ. ಎದುರಿಗೆ ನಿಂತು ನಿಮ್ಮನ್ನ ಮಾತಲ್ಲಿ ಗೆಲ್ಲೋಕೆ ನನ್ನ ಕೈಲಿ ಆಗಲ್ಲ. ಬರೆದ್ರೆ ನಡುವೆ ಬಾಯಿ ಹಾಕೋಕೆ ನಿಮ್ಮ ಕೈಲೂ ಆಗಲ್ಲ.

ಹೌದು, ಗೊತ್ತಿತ್ತು. ಆರನೇ ತಾರೀಖು ಡಾಕ್ಟರು ಹೇಳಿದ್ರು. ಫೆಬ್ರವರಿ ಎರಡಕ್ಕೆ ಆಪರೇಷನ್ ಇಟ್ಟಿದ್ರು. ಪ್ರಯಾಣ ಮಾಡಬಹುದಾ ಅಂತ ನಾನೇ ಕೇಳಿದೆ, ಮಾಡಬಹುದು ಅಂದ್ರು. ಜೊತೆಗೆ ಬರ್ತೀನಿ ಅಂದೆ. ಬೇಡ ಅಂದ್ಳು. "ನೀನಿದ್ರೆ ಅಪ್ಪ ನಿನ್ನ ಜೊತೆ ವಾದಕ್ಕೆ ಇಳೀತಾರೆ, ನನ್ನ ವಿಷಯ ಹಾಗೇ ಉಳಿಯುತ್ತೆ. ಒಬ್ಬಳೇ ಹೋಗಿ ಹೇಳಿ ಬರ್ತೀನಿ." ಆಪರೇಷನ್ ವಿಷಯ ನಿಮಗೆ ಎದುರಿಗೆ ಕೂತು ಹೇಳಬೇಕು ಅಂತಲೇ ಬಂದಿದ್ದು ಅವಳು. ಬೇರೆ ಕೆಲಸ ಇರಲಿಲ್ಲ.

ಆ ಸಾಯಂಕಾಲ ಅವಳು ನಿಮಗೆ ಏನು ಹೇಳಿದ್ಳು ಅಂತ ನನಗೆ ಗೊತ್ತು, ಮಲಗೋ ಮುಂಚೆ ನನಗೆ ಫೋನ್ ಮಾಡಿದ್ಳು. ತನ್ನ ಹಳೇ ಐಫೋನ್ ತಂದಿದ್ಳು ನಿಮಗೆ ಕೊಡೋಕೆ. "ಅಪ್ಪ, ಇದನ್ನ ಇಟ್ಕೊಳ್ಳಿ, ನಾನು ಎಲ್ಲಿದ್ದೀನಿ ಅಂತ ನಿಮಗೆ ಮ್ಯಾಪಲ್ಲಿ ಕಾಣುತ್ತೆ" ಅಂದ್ಳು. ಅಷ್ಟೇ. ನೀವು ಒಂದು ಗಂಟೆ ಐವತ್ತು ನಿಮಿಷ ಎರಡು ಫೋನಿನ ಗುಣದೋಷ ಹೇಳಿದ್ರಿ. ತೆರೆದ ಮನೆ, ಇಟ್ಟಿಗೆ, ಕಿಟಕಿ. ನನಗೆ ಬರೆದಿರಲ್ಲ, ಅದೇ.

ಮ್ಯಾಪಲ್ಲಿ ನೋಡೋದು ನಿಮ್ಮ ಫೋನಿನಲ್ಲೂ ಆಗುತ್ತೆ ಮಾವ. ಅವಳಿಗೂ ಗೊತ್ತಿತ್ತು. ಮಾತು ಶುರು ಮಾಡೋಕೆ ಅವಳಿಗೆ ಒಂದು ನೆಪ ಬೇಕಿತ್ತು. ನೀನು ಎಲ್ಲಿದ್ದೀಯ ಅಂತ ನಾನ್ಯಾಕೆ ನೋಡಬೇಕು ಅಂತ ನೀವು ಕೇಳ್ತೀರಿ, ಆಗ ಹೇಳೋಣ ಅಂತ. ನೀವು ಕೇಳಲಿಲ್ಲ.

"ಹೇಳಿದ್ಯಾ?" ಅಂತ ಕೇಳಿದೆ. "ಇಲ್ಲ, ಮೊದಲ ಸುತ್ತಲ್ಲೇ ಔಟ್. ಬೆಳಿಗ್ಗೆ ಹೇಳ್ತೀನಿ" ಅಂತ ನಕ್ಕಳು.

ಈಗ ಆ ಹತ್ತು ತಿಂಗಳಲ್ಲಿ ಏನಿದೆ ಅಂತ. ನನ್ನ ವಿರುದ್ಧ ಸಾಕ್ಷಿ ಅಂದ್ರಿ. ನಿಮ್ಮ ಜೊತೆ ಫೋನಲ್ಲಿ ಮಾತಾಡಿ ಇಟ್ಟ ಮೇಲೆ ಅವಳು ಬಾಲ್ಕನಿಗೆ ಹೋಗಿ, ಬಟ್ಟೆ ಒಣಗೋ ತಂತಿ ಕೆಳಗೆ ಕೂತು, ಫೋನನ್ನ ಬಾಯಿ ಹತ್ತಿರ ಇಟ್ಕೊಂಡು ರೆಕಾರ್ಡ್ ಮಾಡ್ತಿದ್ಳು. ಹತ್ತು ನಿಮಿಷ, ಹದಿನೈದು ನಿಮಿಷ. ಒಂದಿನ ಕೇಳಿದೆ, ಯಾರಿಗೆ ಅಂತ.

"ಅಪ್ಪನಿಗೆ ಉತ್ತರ ಕೊಡ್ತಿದ್ದೀನಿ."

"ಕಳಿಸ್ತೀಯಾ?"

"ಹುಚ್ಚಾ? ಕಳಿಸಿದ್ರೆ ಅದಕ್ಕೂ ಉತ್ತರ ಬರುತ್ತೆ."

ಒಂದನ್ನೂ ನಾನು ಕೇಳಿಲ್ಲ. ಅವಳು ಕೇಳಿಸಲಿಲ್ಲ. ಅವು ನಿಮಗೆ ಕೊಟ್ಟ ಉತ್ತರಗಳು, ನಿಮ್ಮ ಕೈಗೆ ಸಿಕ್ಕರೆ ಅವಳು ಸತ್ತ ಮೇಲೂ ಖಂಡಿಸ್ತೀರಿ ಅಂತ ಅಂದುಕೊಂಡು ಪಾಸ್‌ಕೋಡ್ ಕೊಡಲಿಲ್ಲ. ಅದೇ ಕಾರಣ. ಬೇರೇನಿಲ್ಲ.

ಆದರೆ ಐದು ದಿನ ಯೋಚಿಸಿದೆ. ಇದರ ಜೊತೆ ಅಂಟಿಸಿದ ಸಣ್ಣ ಲಕೋಟೆ ಇದೆ. ಒಳಗೆ ಆರು ಅಂಕಿ. ಅವಳು ಒತ್ತೋದನ್ನ ಪಕ್ಕದಲ್ಲಿ ಕೂತು ಎಷ್ಟೋ ಸಲ ನೋಡಿದ್ದೀನಿ. ಸರಿ ಅಂತ ಸಾಕ್ಷಿ ಕೇಳಬೇಡಿ, ನನ್ನ ಹತ್ತಿರ ಇಲ್ಲ. ನನ್ನ ಮೇಲೆ ನಿಮಗಿರೋ ಅಭಿಪ್ರಾಯಕ್ಕೆ, ನಾನು ಬೇಕಂತಲೇ ತಪ್ಪು ಬರೆದಿದ್ದೀನಿ ಅಂತಲೂ ಅನಿಸಬಹುದು. ಉಳಿದಿರೋದು ಒಂದೇ ಸಲ. ಸಾಕ್ಷಿ ಇಲ್ಲದ ಒಂದು ಮಾತನ್ನ ನೀವು ಜೀವಮಾನದಲ್ಲಿ ಒಮ್ಮೆ ನಂಬ್ತೀರಾ ನೋಡೋಣ.

ಅಳಿಯ

ಏಪ್ರಿಲ್ 8

ಮಾವನವರಿಗೆ,

ಕಾಗದ ತಲುಪಿದೆ ಅಂತ ಅಂಚೆಯ ರಸೀದಿ ಬಂದಿದೆ. ಮೂರು ವಾರ ಆಯ್ತು. ಒತ್ತಿದ್ರಾ? ಅಳಿಸಿಹೋಯ್ತಾ? ಏನೇ ಆಗಿದ್ರೂ ಒಂದು ಗೆರೆ ಬರೀರಿ. ಒಂಬತ್ತು ಅಂತ ಬರೆದ ಹಾಗೆ, ಒಂದೇ ಪದ ಸಾಕು.

ಬೈಯೋಕಾದ್ರೂ ಬರೀರಿ.

ಏಪ್ರಿಲ್ 26

ಅಳಿಯಂದಿರಿಗೆ,

ಒತ್ತಿಲ್ಲ. ತಡವಾದದ್ದಕ್ಕೆ ಕಾರಣವನ್ನು ಕ್ರಮವಾಗಿ ಹೇಳುತ್ತೇನೆ.

ಲಕೋಟೆಯನ್ನು ಮಾರ್ಚ್ ಹದಿನೆಂಟರಂದೇ ಕತ್ತರಿಸಿದೆ. ಆ ಆರು ಅಂಕಿಗಳನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ನೋಡಿದೆ. ಅವು ಯಾರ ಹುಟ್ಟಿದ ದಿನವೂ ಅಲ್ಲ, ಯಾವ ಮನೆಯ ನಂಬರೂ ಅಲ್ಲ. ಹಾಗಾದರೆ ಸುಳ್ಳಿರಬೇಕು ಎಂದು ಮೊದಲ ದಿನ ತೀರ್ಮಾನಿಸಿದೆ. ಎರಡನೆಯ ದಿನ, ನನಗೆ ಗೊತ್ತಿಲ್ಲದ್ದೆಲ್ಲ ಸುಳ್ಳು ಎನ್ನುವುದು ಯಾವ ತರ್ಕ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಕಾಲೇಜಿನಲ್ಲಿ ಎದುರಾಳಿ ಹೀಗೆ ವಾದಿಸಿದ್ದರೆ ಸಭೆಯ ಮುಂದೆ ಅವನ ಬಟ್ಟೆ ಬಿಚ್ಚುತ್ತಿದ್ದೆ.

ನೀವು ಸುಳ್ಳು ಬರೆದಿಲ್ಲ ಎಂದು ನನಗೆ ಈಗಲೂ ಖಾತ್ರಿಯಿಲ್ಲ. ಇದನ್ನು ಸ್ಪಷ್ಟವಾಗಿ ದಾಖಲಿಸುತ್ತೇನೆ.

ನಿಮಗೆ ತಿಳಿಯದ ಒಂದು ವಿಷಯವಿದೆ. ನನ್ನ ಫೋನು ಬರುವ ಹೋಗುವ ಪ್ರತಿಯೊಂದು ಕರೆಯನ್ನೂ ತಾನೇ ರೆಕಾರ್ಡ್ ಮಾಡಿಕೊಳ್ಳುತ್ತದೆ. ಕೊಂಡ ದಿನ ಅಂಗಡಿಯವನು ಹಾಗೆ ಮಾಡಿಟ್ಟಿದ್ದ. ನಾನು ಬದಲಿಸಲಿಲ್ಲ, ಮಾತಿಗೆ ದಾಖಲೆ ಇರಲಿ ಎಂದುಕೊಂಡೆ. ನಿಮ್ಮ ಕಾಗದದಲ್ಲಿ ಬಾಲ್ಕನಿಯ ವಿಷಯ ಓದಿದ ಮೇಲೆ, ಅದೇ ಹತ್ತು ತಿಂಗಳ ಕರೆಗಳನ್ನು ಫೋಲ್ಡರಿನಿಂದ ತೆಗೆದೆ. ನಲವತ್ಮೂರು ಇದ್ದವು. ದಿನಕ್ಕೆರಡರಂತೆ ಕೇಳಿದೆ. ನನ್ನ ವೃತ್ತಿಗೆ ತಕ್ಕಂತೆ ಸ್ಟಾಪ್‌ವಾಚ್ ಹಿಡಿದು ಅಳೆದೆ.

ಹನ್ನೊಂದು ನಿಮಿಷದ ಒಂದು ಕರೆಯಲ್ಲಿ ಅವಳು ಮಾತಾಡಿರುವುದು ಐವತ್ತೆರಡು ಸೆಕೆಂಡು. ಹತ್ತೊಂಬತ್ತು ನಿಮಿಷದ ಇನ್ನೊಂದರಲ್ಲಿ ಒಂದು ನಿಮಿಷ ಹತ್ತು ಸೆಕೆಂಡು, ಅದರಲ್ಲಿಯೂ ಅರ್ಧ "ಹೂಂ". "ಅಪ್ಪ, ಒಂದು ವಿಷಯ" ಎಂದು ಹದಿನೇಳು ಸಲ ಆರಂಭಿಸಿದ್ದಾಳೆ. ವಿಷಯ ಏನೆಂದು ಒಂದು ಸಲವೂ ಆ ದಾಖಲೆಯಲ್ಲಿಲ್ಲ. ಡಿಸೆಂಬರಿನ ಒಂದು ಕರೆಯಲ್ಲಿ "ಈಚೆಗೆ ತಲೆನೋವು ಜಾಸ್ತಿ" ಎಂದಿದ್ದಾಳೆ. ಅದಕ್ಕೆ ನಾನು ಕೊಟ್ಟ ಉತ್ತರ, ಆ ಫೋನಿನ ಪರದೆಯ ಬೆಳಕು ಕಣ್ಣಿಗೆ ಹೇಗೆ ಕೆಟ್ಟದ್ದು ಎಂಬುದರ ಮೇಲೆ ಆರು ನಿಮಿಷದ ವಿವರಣೆ. ಕಣ್ಣು ಪರೀಕ್ಷಿಸುವುದೇ ಕೆಲಸವಾದವಳಿಗೆ, ನಾನು. ಅವಳು ಪೂರ್ತಿ ಕೇಳಿಸಿಕೊಂಡಿದ್ದಾಳೆ. ಕೊನೆಯಲ್ಲಿ "ಆಯ್ತಪ್ಪ, ಬ್ರೈಟ್‌ನೆಸ್ ಕಡಿಮೆ ಮಾಡ್ಕೊಳ್ತೀನಿ" ಎಂದಿದ್ದಾಳೆ.

ಅಳತೆಯಲ್ಲಿ ಮೋಸ ಮಾಡಿದ ಅಂಗಡಿಗಳಿಗೆ ನಾನು ಬೀಗ ಜಡಿಸಿದ್ದೇನೆ. ಇಲ್ಲಿ ಅಳತೆಯೂ ನನ್ನದು, ಅಂಗಡಿಯೂ ನನ್ನದು. ಸಮರ್ಥನೆ ಹುಡುಕಿದೆ. ನಾಲ್ಕು ಸಿಕ್ಕವು. ನಾಲ್ಕನ್ನೂ ಎದುರಾಳಿಯ ಸ್ಥಾನದಲ್ಲಿ ನಿಂತು ನಾನೇ ಮುರಿದೆ.

ಇನ್ನೊಂದನ್ನೂ ಹೇಳಬೇಕು. ಇದನ್ನು ಯಾರಿಗೂ ಹೇಳಿಲ್ಲ, ಆಸ್ಪತ್ರೆಯವರಿಗೂ ನನ್ನ ತಂಗಿಗೂ. ಆ ಬೆಳಿಗ್ಗೆ ಎಂಟಕ್ಕೆ ಮೊದಲು ಅವಳು ನನ್ನ ಕುರ್ಚಿಯ ಎದುರು ಬಂದು ನಿಂತು, "ಅಪ್ಪ, ಪೇಪರ್ ಕೆಳಗಿಟ್ಟು ಎರಡು ನಿಮಿಷ ನನ್ನ ಕಡೆ ನೋಡಿ" ಎಂದಳು. ಸಂಪಾದಕೀಯ ಮುಗಿಸಿ ನೋಡುತ್ತೇನೆ ಎಂದೆ. "ಸರಿ, ಹಾಲು ತರ್ತೀನಿ" ಎಂದು ಬಾಗಿಲ ಕಡೆ ಹೋದಳು. ನಾನು ಸಂಪಾದಕೀಯ ಓದಿದೆ. ಪೂರ್ತಿ ಓದಿದೆ. ಸದ್ದು ಕೇಳಿದ್ದು ಕೊನೆಯ ಸಾಲಿಗೆ.

ನಿಮ್ಮ ಮೇಲಿನ ಆರೋಪವನ್ನು ಹಿಂತೆಗೆದುಕೊಂಡಿದ್ದೇನೆ. ಪ್ರೀತಿಯಿಂದಲ್ಲ, ಸಾಕ್ಷ್ಯ ಬೇರೆ ಕಡೆ ಬೊಟ್ಟು ಮಾಡಿದ್ದರಿಂದ. ನೀವು ನನಗೆ ಇಷ್ಟವಿಲ್ಲ. ಅವಳು ನಿಮ್ಮೊಡನೆ ನಗುತ್ತಿದ್ದ ರೀತಿ, ಆ "ಮೊದಲ ಸುತ್ತಲ್ಲೇ ಔಟ್", ಅದನ್ನು ನನ್ನ ಎದುರಿಗೆ ನಗದೆ ನಿಮಗೆ ಫೋನ್ ಮಾಡಿ ನಕ್ಕದ್ದು, ಅದಕ್ಕಾಗಿ ನಿಮ್ಮನ್ನು ಕ್ಷಮಿಸುವ ಶಕ್ತಿ ನನ್ನಲ್ಲಿಲ್ಲ. ಬರುತ್ತದೆಂದೂ ತೋರುವುದಿಲ್ಲ.

ಈಗ ನನ್ನ ತೀರ್ಮಾನ. ಇದನ್ನು ಯಾರ ಜೊತೆಯೂ ಚರ್ಚಿಸಿಲ್ಲ, ನಿಮ್ಮ ಒಪ್ಪಿಗೆಯನ್ನೂ ಕೇಳುತ್ತಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ನಿಮ್ಮ ಮನೆಗೆ ಬರುತ್ತೇನೆ. ಎರಡು ಫೋನುಗಳನ್ನೂ ತರುತ್ತೇನೆ. ಅವಳದನ್ನು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಆರು ಅಂಕಿಗಳನ್ನು ನೀವು ಒತ್ತಬೇಕು. ನನ್ನ ಬೆರಳು ನಡುಗುತ್ತದೆ, ಒಂದು ಅಂಕಿ ಪಕ್ಕಕ್ಕೆ ಜಾರಿದರೂ ಮುಗಿಯಿತು. ನಿಮ್ಮ ಬೆರಳು ಹನ್ನೊಂದನೆಯ ಮಹಡಿಯಲ್ಲಿ ನಡುಗದೆ ಕೆಲಸ ಮಾಡಿ ಅಭ್ಯಾಸವಾದದ್ದು. ಅಂಕಿಗಳು ಸುಳ್ಳಾಗಿದ್ದರೆ ನನ್ನ ಕಣ್ಣೆದುರಿಗೇ ತಿಳಿಯುತ್ತದೆ. ನಾನು ಎದ್ದು ಹೋಗುತ್ತೇನೆ, ಒಂದು ಮಾತೂ ಆಡುವುದಿಲ್ಲ.

ತೆರೆದುಕೊಂಡರೆ, ಅವಳ ಉತ್ತರಗಳನ್ನು ಮೊದಲನೆಯದರಿಂದ ಹಾಕಿ. ನೀವೂ ಅಲ್ಲಿ ಕುಳಿತಿರಬೇಕು. ನನ್ನ ಬಗ್ಗೆ ಅವಳು ಏನೇ ಹೇಳಿರಲಿ, ನನಗೆ ಇಷ್ಟವಿಲ್ಲದ ಒಬ್ಬ ಮನುಷ್ಯನ ಎದುರಿಗೇ ಅದನ್ನು ಕೇಳಿಸಿಕೊಳ್ಳುತ್ತೇನೆ. ನಡುವೆ ನಿಲ್ಲಿಸಲು ಹೇಳುವುದಿಲ್ಲ. ಸಂಗತಿ ತಪ್ಪಿದ್ದರೂ ತಿದ್ದುವುದಿಲ್ಲ. ಎಲ್ಲ ಮುಗಿದ ಮೇಲೂ ನಾನು ಉತ್ತರ ಕೊಡುವುದಿಲ್ಲ, ಅಂದಾಗಲಿ ಮುಂದಾಗಲಿ, ಬಾಯಲ್ಲಾಗಲಿ ಬರಹದಲ್ಲಾಗಲಿ. ಈ ವಾದದಲ್ಲಿ ಕೊನೆಯ ಮಾತು ಅವಳದು.

ಆ ಫೋನು ನಿಮ್ಮದು, ಅಲ್ಲಿಯೇ ಇರಲಿ. ನನ್ನದನ್ನೂ ನಿಮ್ಮಲ್ಲಿಯೇ ಬಿಟ್ಟು ಬರುತ್ತೇನೆ. ಆ ನಲವತ್ಮೂರು ಕರೆಗಳಲ್ಲಿ ಅವಳ ಪಾಲು ಕೂಡಿಸಿದರೆ ಮೂವತ್ತೇಳು ನಿಮಿಷವಾಗುತ್ತದೆ. ನನ್ನ ದನಿಯನ್ನು ಕತ್ತರಿಸಿ ಅವಳದನ್ನು ಉಳಿಸಿಕೊಳ್ಳುವುದು ಹೇಗೆಂದು ನಿಮಗೆ ಗೊತ್ತಿರುತ್ತದೆ. ಕತ್ತರಿಸಿ.